ನಿಂತ ಟ್ರೈಲರ್ ಅಲ್ಲಾಡುವುದು ಎಲ್ಲಿಂದ: ಒಂದು ಪ್ರಕರಣ

ಅಮ್ಮ ಸಂಜೆಯಾದ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ಅದು ನಮಗೆ ಗೊತ್ತಾದದ್ದು ಎರಡನೆಯ ರಾತ್ರಿ, ಅನ್ನಕ್ಕೆ ಮಜ್ಜಿಗೆ ಬಡಿಸಲು ಹೋದಾಗ ಅವಳು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದದ್ದರಿಂದ. ಮಜ್ಜಿಗೆಯಿಲ್ಲದೆ ಊಟ ಮುಗಿಸಿ ಎದ್ದವಳಲ್ಲ ಅವಳು. ಹೆಂಡತಿ ಮತ್ತೆ ಮತ್ತೆ ಕೇಳಿದ ಮೇಲೆ ಹೇಳಿದಳು: "ರಾತ್ರಿ ನಾನು ಬಚ್ಚಲಿಗೆ ಎದ್ದರೆ ಇಡೀ ಮನೆ ಅಲ್ಲಾಡುತ್ತದೆ ಕಣಮ್ಮಾ. ಮಗು ಎಚ್ಚರವಾಗುತ್ತದೆ. ನನಗೂ ದೋಣಿಯಲ್ಲಿ ನಡೆದ ಹಾಗೆ ತಲೆ ಸುತ್ತುತ್ತದೆ."

ನಾವು ಆಗ ಟೆಕ್ಸಸ್‌ನ ಇಂಕ್ಸ್ ಲೇಕ್ ಸ್ಟೇಟ್ ಪಾರ್ಕ್‌ನಲ್ಲಿದ್ದೆವು. ಆಸ್ಟಿನ್ ನಗರದ ವಾಯವ್ಯಕ್ಕೆ, ಬರ್ನೆಟ್ ಊರಿನ ಬಳಿ, ಟೆಕ್ಸಸ್‌ನ ಕೊಲೊರಾಡೊ ನದಿಗೆ 1938ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟಿನ ಹಿನ್ನೀರು ಅದು. ಸುತ್ತ ಗುಲಾಬಿ ಛಾಯೆಯ, ನೈಸ್ (gneiss) ಎಂಬ ಜಾತಿಯ ಬಂಡೆ. ಲಾಲ್‌ಬಾಗಿನ ಬಂಡೆಯೂ ನೈಸ್ ಜಾತಿಯದೇ ಎಂದು ಹೇಳಿದಾಗ ಅಪ್ಪ ಅದನ್ನು ಕೈಯಿಂದ ಸವರಿ ನೋಡಿದ್ದರು. ಇಬ್ಬರೂ ಊರಿನಿಂದ ಆರು ತಿಂಗಳಿಗೆಂದು ಬಂದಿದ್ದರು. ಅವರಿಗೆ ಈ ದೇಶವನ್ನು ಹೋಟೆಲ್ ಕೋಣೆಗಳಿಂದ ತೋರಿಸಬಾರದು, ನಮ್ಮದೇ ಅಡುಗೆ ಮಾಡಿಕೊಂಡು, ನಮ್ಮದೇ ಹಾಸಿಗೆಯಲ್ಲಿ ಮಲಗಿ ತೋರಿಸಬೇಕು ಎಂಬ ಆಸೆಯಿಂದಲೇ ಹಿಂದಿನ ವರ್ಷ ಟ್ರೈಲರ್, ಅಂದರೆ ವಾಹನದ ಹಿಂದೆ ಕಟ್ಟಿ ಎಳೆದೊಯ್ಯುವ ಗಾಲಿಮನೆ, ಕೊಂಡಿದ್ದೆ. ಆ ಟ್ರೈಲರಿನೊಳಗೆ ಅಮ್ಮ ಬಾಯಾರಿಕೊಂಡು ಮಲಗುತ್ತಿದ್ದಾಳೆ ಎಂದರೆ ಆ ಆಸೆಗೆ ಅರ್ಥವೇ ಉಳಿಯಲಿಲ್ಲ. ಮರುದಿನ ಬೆಳಗ್ಗೆಯಿಂದ ನಾನು ಮಾಡಿದ್ದೆಲ್ಲವನ್ನೂ ತಪ್ಪುಗಳ ಸಮೇತ ಇಲ್ಲಿ ಬರೆಯುತ್ತಿದ್ದೇನೆ. ಅಮೆರಿಕ, ಕೆನಡಾಗಳಲ್ಲಿ ಟ್ರೈಲರ್ ಇಟ್ಟುಕೊಂಡಿರುವ ಕನ್ನಡದ ಕುಟುಂಬಗಳಲ್ಲಿ ವಯಸ್ಸಾದ ತಂದೆತಾಯಿಯನ್ನು ಕರೆದೊಯ್ಯುವವರಿಗೆ ಇದು ಬೇಕಾದೀತು.

ಮೊದಲು ನಮ್ಮ ಟ್ರೈಲರಿನ ವಿವರ. ಉದ್ದ 26 ಅಡಿ. ಸಾಮಾನು ತುಂಬಿದ ಮೇಲೆ ತೂಕ ಸುಮಾರು 6,500 ಪೌಂಡ್, ಅಂದರೆ 2,950 ಕಿಲೋ. ಅದರಲ್ಲಿ 800 ಪೌಂಡಿನಷ್ಟು ಮುಂದಿನ ಮೂತಿಯ ಮೇಲೆ, ಉಳಿದದ್ದು ನಡುವಿನ ಎರಡು ಆಕ್ಸಲ್‌ಗಳ ಮೇಲೆ. ಎರಡೂ ಆಕ್ಸಲ್‌ಗಳಿಗೆ ನಮ್ಮ ಲಾರಿಗಳಲ್ಲಿರುವಂಥದೇ ಕಮಾನು ಪಟ್ಟಿಯ ಸ್ಪ್ರಿಂಗ್. ನಾಲ್ಕು ಮೂಲೆಗಳಲ್ಲಿ ಕತ್ತರಿ ಜ್ಯಾಕ್, ಅಂದರೆ ತಿರುಪಿದರೆ ಕತ್ತರಿಯಂತೆ ಬಿಚ್ಚಿಕೊಂಡು ನೆಲಕ್ಕೆ ಊರುವ ಕಾಲು. ಮುಂದೆ ದೊಡ್ಡ ಮಂಚ, ಅಲ್ಲಿ ಅಪ್ಪ ಅಮ್ಮ. ನಡುವೆ ಅಡುಗೆ, ಊಟದ ಮೇಜು, ಹೊರಕ್ಕೆ ಜಾರುವ ಕೋಣೆ. ಹಿಂದೆ ಮಗನ ಅಟ್ಟದ ಮಂಚ ಮತ್ತು ಬಚ್ಚಲು. ಹಾಗಾಗಿ ರಾತ್ರಿ ಅಮ್ಮ ಎದ್ದರೆ ಮೂತಿಯಿಂದ ಬಾಲದವರೆಗೆ ಇಡೀ ಟ್ರೈಲರನ್ನು ದಾಟಲೇಬೇಕು. ಅಲ್ಲಾಟ ಅವಳಿಗೇ ಹೆಚ್ಚು ತಾಗಿದ್ದು ಇದರಿಂದ.

ಜ್ಯಾಕ್‌ಗಳನ್ನು ನಾನು ಸರಿಯಾಗಿಯೇ ಇಳಿಸಿದ್ದೆ ಎಂದುಕೊಂಡಿದ್ದೆ. ಬ್ಯಾಟರಿ ಡ್ರಿಲ್ಲಿಗೆ ಸಾಕೆಟ್ ಸಿಕ್ಕಿಸಿ, ಅದು ಗುರ್ ಎಂದು ನಿಲ್ಲುವ ತನಕ ತಿರುಗಿಸಿದ್ದೆ. ಅಮ್ಮನ ಮಾತು ಕೇಳಿದ ರಾತ್ರಿಯೇ ಟಾರ್ಚ್ ಹಿಡಿದು ಹೋಗಿ ನಾಲ್ಕನ್ನೂ ಇನ್ನಷ್ಟು ಬಿಗಿದೆ. ಅಲ್ಲಾಟ ಕಡಿಮೆಯಾಗಲಿಲ್ಲ. ಬೆಳಗ್ಗೆ ನೋಡಿದರೆ ಬಚ್ಚಲ ಬಾಗಿಲಿನ ಚಿಲಕ ತನ್ನ ತೂತಿಗೆ ಕೂರುತ್ತಿರಲಿಲ್ಲ. ಹಿಂದಿನ ಎಡ ಮೂಲೆಯನ್ನು ಅತಿಯಾಗಿ ಎತ್ತಿ ಚಾಸಿಯನ್ನೇ, ಅಂದರೆ ಟ್ರೈಲರಿನ ಅಡಿಯ ಚೌಕಟ್ಟನ್ನೇ, ತಿರುಚಿದ್ದೆ. ಇಂಥ ಜ್ಯಾಕ್‌ಗಳ ಮೇಲೆ 5,000 ಪೌಂಡ್ ಎಂದು ಬರೆದಿರುತ್ತದೆ. ಅದನ್ನು ಓದಿ ಮನೆಯನ್ನೇ ಎತ್ತಬಹುದು ಎಂದು ಯಾರಿಗೂ ಅನ್ನಿಸುತ್ತದೆ. ಆದರೆ ಅವುಗಳನ್ನು ಕೊಟ್ಟಿರುವುದು ಊರೆ ಕೊಡಲಿಕ್ಕೆ. ಭಾರ ಗಾಲಿಗಳ ಮೇಲೆಯೇ ಇರಬೇಕು. ಚಿಲಕ ಮತ್ತೆ ಕೂರುವ ತನಕ ಆ ಜ್ಯಾಕನ್ನು ಸಡಿಲಿಸಿದೆ. ಬಾಗಿಲು ಹಿಡಿಯುತ್ತಿದೆ, ಕಿಟಕಿ ಸರಿಯುತ್ತಿಲ್ಲ ಎಂದರೆ ಜ್ಯಾಕ್ ಹೆಚ್ಚಾಗಿದೆ ಎಂದೇ ತಿಳಿಯಬೇಕು.

ಅಪ್ಪ ಅಷ್ಟು ಹೊತ್ತೂ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. ಗಾಡಿ ಕಟ್ಟಿದ ಮನೆಯಲ್ಲಿ ಬೆಳೆದವರು. ಎದ್ದು ಬಂದು ಟ್ರೈಲರಿನ ಮೂತಿಯ ಮೇಲೆ ಕೈಯಿಟ್ಟು, "ಇದು ಎತ್ತು ಬಿಚ್ಚಿದ ಗಾಡಿಯಲ್ಲವೇನೋ? ಮೂಕಿಗೆ ಊರುಗೋಲು ಕೊಟ್ಟಿದ್ದೀಯ, ಗಾಲಿಗೆ ಕಲ್ಲು ಕೊಟ್ಟಿದ್ದೀಯ. ಗಾಡಿ ಯಾವ ಕಡೆಗೆ ಆಡುತ್ತದೆ ಅಂತ ಮೊದಲು ನೋಡಿದೆಯಾ?" ಎಂದರು.

ನಾನು ನೋಡಿರಲಿಲ್ಲ. ಅಲ್ಲಾಟ ಎಂದರೆ ಒಂದೇ ಎಂದುಕೊಂಡು ಎಲ್ಲದಕ್ಕೂ ಒಂದೇ ಮದ್ದು ಹಾಕುತ್ತಿದ್ದೆ.

ಪರೀಕ್ಷೆ

ಸ್ಟೀಲಿನ ಲೋಟವೊಂದಕ್ಕೆ ಅಂಚಿನವರೆಗೆ ನೀರು ತುಂಬಿ ಊಟದ ಮೇಜಿನ ಮೇಲಿಟ್ಟೆ. ನೆಲದ ಮೇಲೆ, ಆಕ್ಸಲ್‌ಗಳ ನೇರಕ್ಕೆ, ಫೋನನ್ನು ಅಂಗಾತ ಇಟ್ಟೆ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿರುವ ಫೈಫಾಕ್ಸ್ ಎಂಬ ಉಚಿತ ಆ್ಯಪ್ ಫೋನಿನೊಳಗಿನ ಸಂವೇದಕವನ್ನು ಬಳಸಿ ಕಂಪನವನ್ನು ಗೆರೆಯಾಗಿ ಬಿಡಿಸುತ್ತದೆ. ಹೆಂಡತಿ ಒಳಗೆ ನಡೆದಳು, ಆಮೇಲೆ ಮಗ ಓಡಿದ, ಆಮೇಲೆ ಅಮ್ಮ ನಡೆದಳು. ನಾನು ಹೊರಗೆ ಮಣ್ಣಿಗೆ ಕೆನ್ನೆ ತಾಗುವಷ್ಟು ಬಗ್ಗಿ ಒಂದೊಂದು ಕಾಲನ್ನೂ ನೋಡಿದೆ. ಅದಾದ ಮೇಲೆ ಅಪ್ಪ ಹಿಂಬದಿಯ ಬಂಪರನ್ನು ಮುಂದಕ್ಕೆ ತಳ್ಳಿದರು, ಪಕ್ಕದ ಗೋಡೆಯ ಮೂಲೆಯನ್ನು ತಳ್ಳಿದರು. ಕೊನೆಗೆ ಮೆಟ್ಟಿಲು ಹತ್ತಿ ಇಳಿದರು.

ಅರ್ಧ ಗಂಟೆಯೊಳಗೆ ನಾಲ್ಕು ಬೇರೆ ಬೇರೆ ಸಂಗತಿಗಳು ಬಯಲಾದವು.

ನಡೆದಾಗ ಬರುತ್ತಿದ್ದದ್ದು ಮೇಲಕ್ಕೂ ಕೆಳಕ್ಕೂ ಕುಣಿತ. ಗೆರೆಯಲ್ಲಿ ಅದು ಸೆಕೆಂಡಿಗೆ ಸುಮಾರು ಎರಡು ಸಲ ಏರಿಳಿಯುತ್ತಿತ್ತು. ಇಲ್ಲೊಂದು ಲೆಕ್ಕವಿದೆ. ಭಾರ ಬಿದ್ದಾಗ ಐದು ಸೆಂಟಿಮೀಟರ್ ಕುಗ್ಗುವ ಸ್ಪ್ರಿಂಗಿನ ಮೇಲೆ ಕೂತ ವಸ್ತು ತಾನಾಗಿ ಸೆಕೆಂಡಿಗೆ ಎರಡು ಚಿಲ್ಲರೆ ಸಲ ಕುಣಿಯುತ್ತದೆ. ಮನುಷ್ಯ ಸಾಮಾನ್ಯವಾಗಿ ನಡೆಯುವುದೂ ಸೆಕೆಂಡಿಗೆ ಎರಡು ಹೆಜ್ಜೆಯಂತೆ. ಉಯ್ಯಾಲೆ ಹಿಂದಕ್ಕೆ ಬಂದಾಗಲೇ ತಳ್ಳಿದರೆ ಅದು ಎತ್ತರೆತ್ತರಕ್ಕೆ ಹೋಗುತ್ತದಲ್ಲ, ಹಾಗೆಯೇ ನಮ್ಮ ಹೆಜ್ಜೆಯ ತಾಳಕ್ಕೆ ಕಮಾನು ಪಟ್ಟಿ ತಾಳ ಹಾಕುತ್ತಿತ್ತು. ಓಡಿದ ಮಗನಿಗಿಂತ ಸುಮ್ಮನೆ ನಡೆದ ಹೆಂಡತಿಯೇ ಲೋಟದ ನೀರನ್ನು ಹೆಚ್ಚು ಚೆಲ್ಲಿದ್ದು ಇದಕ್ಕೇ. ಎರಡು ದಿನ ಆ ಮಗುವಿಗೆ ಓಡಬೇಡ, ಕುಣಿಯಬೇಡ ಎಂದು ಗದರಿಸಿದ್ದೆವು. ಗೆರೆ ನೋಡಿದ ಮೇಲೆ ಅವನನ್ನು ಕರೆದು ತಪ್ಪಾಯಿತು ಎಂದು ಹೇಳಿದೆ.

ಹಿಂದಿನಿಂದ ತಳ್ಳಿದಾಗ ಗಾಲಿಗಳೇ ಆಡಿದವು. ಟ್ರೈಲರಿಗೆ ಕಾರಿನಂತೆ ಕೈಬ್ರೇಕ್ ಇಲ್ಲ. ಎಳೆಯುವ ವಾಹನವನ್ನು ಬಿಚ್ಚಿದ ಮೇಲೆ ಗಾಲಿಯನ್ನು ಹಿಡಿದಿರುವುದು ನಾವು ಕೊಟ್ಟ ಅಡೆ ಒಂದೇ. ನಾನು ಕೊಟ್ಟಿದ್ದ ರಬ್ಬರ್ ಅಡೆಗೂ ಟಯರಿಗೂ ನಡುವೆ ಬೆರಳು ತೂರುವಷ್ಟು ಸಂದು. ಟಯರ್ ಆ ಸಂದಿನಲ್ಲಿ ಹಿಂದೆ ಮುಂದೆ ಉರುಳುತ್ತಿತ್ತು, ಅದರ ಜೊತೆಗೆ ಮೂತಿಯ ಜ್ಯಾಕಿನ ಕೊಳವೆ ಬಾಗುತ್ತಿತ್ತು, ಕತ್ತರಿ ಜ್ಯಾಕ್‌ಗಳು ಓರೆಯಾಗುತ್ತಿದ್ದವು. ಮಂಚದ ಮೇಲೆ ಮಗ್ಗುಲಾದರೂ ಅಪ್ಪನಿಗೆ ತಿಳಿಯುತ್ತಿದ್ದ ತೂಗಾಟ ಇದು.

ಪಕ್ಕದಿಂದ ತಳ್ಳಿದಾಗ ಕಂಡದ್ದನ್ನು ನಂಬಲು ನನಗೆ ಒಂದು ಗಳಿಗೆ ಬೇಕಾಯಿತು. ಹಿಂದಿನ ಬಲ ಜ್ಯಾಕಿನ ಕೆಳಗೆ ಇಟ್ಟಿದ್ದ ಹಲಗೆಯನ್ನು ಕೈಯಿಂದ ಸರಕ್ಕನೆ ಎಳೆಯಬಹುದಿತ್ತು. ಮೊದಲ ರಾತ್ರಿ ಮಳೆ ಬಿದ್ದಿತ್ತು, ಪುಡಿಗಲ್ಲಿನ ನೆಲ ಮೆತ್ತಗಾಗಿ ಹಲಗೆ ಇಳಿದಿತ್ತು. ಡ್ರಿಲ್ ಹಿಡಿದು ಬಿಗಿದದ್ದೂ ಉಪಯೋಗಕ್ಕೆ ಬಂದಿರಲಿಲ್ಲ, ಏಕೆಂದರೆ ಎದುರು ಮೂಲೆಯನ್ನು ಎತ್ತಿ ಎತ್ತಿ ನಾನೇ ಈ ಮೂಲೆಯ ಭಾರ ತೆಗೆದಿದ್ದೆ. ನಾಲ್ಕು ಕಾಲಿನ ಮಣೆಗೆ ಒಂದು ಕಾಲು ಗಿಡ್ಡವಾದ ಹಾಗೆ.

ನಾಲ್ಕನೆಯದು ಮೆಟ್ಟಿಲು. ಮಡಚುವ ಮೆಟ್ಟಿಲು ಚಾಸಿಯ ಅಂಚಿಗೆ ನೇತಾಡಿಕೊಂಡಿರುತ್ತದೆ, ನೆಲ ಮುಟ್ಟುವುದಿಲ್ಲ. ಗೋಡೆಯಿಂದ ಒಂದೂವರೆ ಅಡಿ ಆಚೆ ಆಳು ಕಾಲಿಟ್ಟರೆ ಅದು ಸನ್ನೆಕೋಲು ಮೀಟಿದಂತೆಯೇ.

ಖರ್ಚಿಲ್ಲದ ಕೆಲಸಗಳು

ಅಂಗಡಿಗೆ ಹೋಗುವ ಮೊದಲು ಎಲ್ಲ ಜ್ಯಾಕ್‌ಗಳನ್ನೂ ಎತ್ತಿ ಮೊದಲಿನಿಂದ ಶುರು ಮಾಡಿದೆ. ಟಯರಿನ ಗಾಳಿ ನೋಡಿದರೆ 65 ಪಿಎಸ್‌ಐ (ಚದರ ಅಂಗುಲಕ್ಕೆ ಪೌಂಡ್) ಇರಬೇಕಾದಲ್ಲಿ 52 ಇತ್ತು. ಗಾಳಿ ಕಡಿಮೆಯಾದ ಟಯರೂ ಒಂದು ಸ್ಪ್ರಿಂಗೇ. ಟಯರಿನ ಪಕ್ಕದಲ್ಲಿ ಬರೆದ ಒತ್ತಡಕ್ಕೆ ತುಂಬಿಸಿದೆ. ಆಮೇಲೆ ರಸಮಟ್ಟ ಇಟ್ಟು ಎಡಬಲ ಸರಿಮಾಡಿದೆ. ಇದನ್ನು ಟಯರಿನ ಅಡಿಗೆ ಹಲಗೆ ಕೊಟ್ಟೇ ಮಾಡಬೇಕು, ಜ್ಯಾಕಿನಿಂದ ಮಾಡಬಾರದು. ಗಾಲಿಗೆ ಎರಡೂ ಬದಿಯಿಂದ ಅಡೆಯನ್ನು ಸುತ್ತಿಗೆಯಿಂದ ಹೊಡೆದು ಕೂರಿಸಿದೆ.

ಮುಂದಿನದು ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದೆಂದು ಕಾಣುವ ಕೆಲಸ. ಮೂತಿಯ ಜ್ಯಾಕನ್ನು ಇಳಿಸಿ ಟ್ರೈಲರಿನ ಮುಂಭಾಗವನ್ನು ಮಟ್ಟಕ್ಕಿಂತ ಒಂದೆರಡು ಅಂಗುಲ ಕೆಳಗೆ ತಂದೆ. ಆಗ ಬಾಲ ಮೇಲೇಳುತ್ತದೆ. ಆ ಸ್ಥಿತಿಯಲ್ಲಿ ಹಿಂದಿನ ಎರಡು ಜ್ಯಾಕ್‌ಗಳನ್ನು ನೆಲಕ್ಕೆ ಮುಟ್ಟಿಸಿ, ಕೈಗೆ ತುಸು ಬಿಗಿ ತಿಳಿಯುವಷ್ಟು ಮಾತ್ರ ತಿರುಗಿಸಿದೆ. ಈಗ ಮೂತಿಯನ್ನು ನಿಧಾನವಾಗಿ ಮಟ್ಟಕ್ಕೆ ಎತ್ತಿದರೆ ಬಾಲ ಇಳಿದು ಎರಡೂ ಹಿಂದಿನ ಜ್ಯಾಕ್‌ಗಳ ಮೇಲೆ ಸಮವಾಗಿ ಕೂರುತ್ತದೆ. ಅವನ್ನು ತಿರುಪಿ ತಿರುಪಿ ಎತ್ತಬೇಕಾಗಿಲ್ಲ, ಟ್ರೈಲರಿನ ತೂಕವೇ ಬಿಗಿ ಕೊಡುತ್ತದೆ. ಆಮೇಲೆ ಮುಂದಿನ ಎರಡು. ಮೂತಿಯನ್ನು ಅತಿಯಾಗಿ ಎತ್ತಿದರೆ ಹಿಂದಿನ ಜ್ಯಾಕ್‌ಗಳ ಮೇಲೆ ಲೆಕ್ಕಕ್ಕಿಂತ ಹೆಚ್ಚು ಭಾರ ಬೀಳುತ್ತದೆ, ಅಲ್ಲಿ ಎಚ್ಚರ ಬೇಕು. ಹೊರಕ್ಕೆ ಜಾರುವ ಕೋಣೆಯನ್ನು ಇದರ ನಡುವೆ ಯಾವಾಗ ತೆರೆಯಬೇಕೆಂಬುದು ತಯಾರಕರಿಂದ ತಯಾರಕರಿಗೆ ಬೇರೆ. ನಮ್ಮ ಕೈಪಿಡಿ ಮಟ್ಟ ಮಾಡಿದ ಮೇಲೆ, ಜ್ಯಾಕ್‌ಗೆ ಮೊದಲು ಎನ್ನುತ್ತದೆ.

ಡ್ರಿಲ್ಲನ್ನು ಆವತ್ತಿನಿಂದ ಜ್ಯಾಕ್ ನೆಲ ಮುಟ್ಟುವ ತನಕ ಮಾತ್ರ ಬಳಸುತ್ತೇನೆ. ಕೊನೆಯ ಎರಡು ಸುತ್ತು ಕೈಹಿಡಿಯಿಂದಲೇ. ಭಾರ ಎಷ್ಟು ಬಂತೆಂದು ಡ್ರಿಲ್ ಹೇಳುವುದಿಲ್ಲ, ಮಣಿಕಟ್ಟು ಹೇಳುತ್ತದೆ.

ಜ್ಯಾಕ್‌ಗಳ ಅಡಿಗೆ ದಪ್ಪ ಮರದ ತುಂಡುಗಳನ್ನು ಪೇರಿಸಿ ಅವು ಹೆಚ್ಚು ಬಿಚ್ಚಿಕೊಳ್ಳದಂತೆ ಮಾಡಿದೆ. ಮೂತಿಯ ಜ್ಯಾಕಿಗೂ ಹಾಗೆಯೇ. ಹೊರಕ್ಕೆ ಚಾಚಿದ ಕೊಳವೆಯ ಬಾಗುವಿಕೆ ಅದರ ಉದ್ದದ ಮೂರನೆಯ ಘಾತಕ್ಕೆ ಏರುತ್ತದೆ. ಚಾಚು ಅರ್ಧವಾದರೆ ಅದೇ ತಳ್ಳಿಗೆ ಬಾಗುವುದು ಎಂಟನೆಯ ಒಂದು ಪಾಲು. ಒಂದು ಮರದ ದಿಮ್ಮಿಗೆ ಇಷ್ಟು ಫಲ ಎಂದರೆ ಬೇರೇನು ಬೇಕು! ಹಿಂದಿನ ಬಲ ಮೂಲೆಗೆ ಒಂದಡಿ ಚೌಕದ ಪ್ಲೈವುಡ್ ಹಲಗೆ ಕೊಟ್ಟೆ. ಮೆತ್ತನೆಯ ನೆಲದಲ್ಲಿ ಹಲಗೆಯ ದಪ್ಪಕ್ಕಿಂತ ಅಗಲ ಮುಖ್ಯ. ಮೆಟ್ಟಿಲಿನ ಅಡಿಗೆ ಅಪ್ಪ ಪಾರ್ಕಿನ ಅಂಗಡಿಯಲ್ಲಿ ಕೊಂಡಿದ್ದ ಸೌದೆಯ ಕಟ್ಟಿನಿಂದ ಸರಿಯಾದ ಎತ್ತರದ ಎರಡು ತುಂಡು ಹುಡುಕಿ ಕೂರಿಸಿದರು.

ಆ ಸಂಜೆ ಲೋಟದ ನೀರು ಚೆಲ್ಲಲಿಲ್ಲ. ಮೇಲೆ ಅಲೆ ಏಳುತ್ತಿತ್ತು, ಅಂಚು ದಾಟುತ್ತಿರಲಿಲ್ಲ. ಮೆಟ್ಟಿಲಿನ ಕಾಟ ಪೂರ್ತಿ ನಿಂತಿತು. ಆದರೆ ಹಿಂದೆ ಮುಂದೆ ತೂಗುವುದು ಸ್ವಲ್ಪ ಉಳಿದಿತ್ತು, ಅಮ್ಮ ಗೋಡೆ ಹಿಡಿದೇ ನಡೆದಳು.

ದುಡ್ಡು ಕೊಟ್ಟು ತಂದದ್ದು

ಮನೆಗೆ ಮರಳಿದ ಮೇಲೆ ಎರಡು ಸಾಮಾನು ಕೊಂಡೆ. ಒಂದು, ಎರಡು ಟಯರುಗಳ ನಡುವೆ ಇಟ್ಟು ತಿರುಪಿದರೆ ಹಿಗ್ಗಿ ಎರಡನ್ನೂ ಒತ್ತುವ ಅಡೆ. ಅಂಗಡಿಯಲ್ಲಿ ಇದನ್ನು ಎಕ್ಸ್-ಚಾಕ್ ಎನ್ನುತ್ತಾರೆ. ಮುಂದಿನ ಗಾಲಿ ಮುಂದಕ್ಕೆ, ಹಿಂದಿನದು ಹಿಂದಕ್ಕೆ ಒತ್ತಿಸಿಕೊಂಡಾಗ ಎರಡೂ ಉರುಳಲಾರವು. ಜೋಡಿ ಆಕ್ಸಲ್ ಇದ್ದವರು ಏನನ್ನಾದರೂ ಒಂದನ್ನು ಮಾತ್ರ ಕೊಳ್ಳುವುದಾದರೆ ಇದನ್ನು ಕೊಳ್ಳಲಿ ಎಂದು ನಾನು ಹೇಳುತ್ತೇನೆ. ಎರಡು ಮಾತು ನೆನಪಿಡಬೇಕು: ನೆಲಕ್ಕೆ ಕೊಡುವ ಮಾಮೂಲು ಅಡೆಯನ್ನು ಇದರ ಜೊತೆಗೂ ಕೊಡಲೇಬೇಕು. ರಾತ್ರಿ ಚಳಿಗೆ ಟಯರಿನ ಗಾಳಿ ಕುಗ್ಗುತ್ತದೆ, 10 ಡಿಗ್ರಿ ಫ್ಯಾರನ್‌ಹೀಟ್ ಇಳಿದರೆ ಒತ್ತಡ ಹೆಚ್ಚುಕಡಿಮೆ ಶೇಕಡಾ ಎರಡರಷ್ಟು ಇಳಿಯುತ್ತದೆ, ಹಾಗಾಗಿ ಬೆಳಗ್ಗೆ ಇದನ್ನು ಮತ್ತೆ ಬಿಗಿಯಬೇಕು.

ಇನ್ನೊಂದು, ಓರೆಪಟ್ಟಿ. ಒಳಗೊಂದು ಹೊರಗೊಂದು ಕೊಳವೆ, ಒಂದು ತುದಿ ಜ್ಯಾಕಿನ ಪಾದಕ್ಕೆ, ಇನ್ನೊಂದು ಚಾಸಿಗೆ. ಜ್ಯಾಕ್ ಇಳಿಸುವಾಗ ಸಡಿಲ ಬಿಟ್ಟು, ಇಳಿಸಿದ ಮೇಲೆ ಹಿಡಿಯನ್ನು ತಿರುಪಿ ಬಿಗಿಯುವುದು. ಇದರ ಮರ್ಮ ಹೇಳಲು ಊರಿನ ಚಪ್ಪರವೇ ಸಾಕು. ನಾಲ್ಕು ಗಳ ನೆಟ್ಟು ಮೇಲೆ ಅಡ್ಡ ಕಟ್ಟಿದ ಚಪ್ಪರ ಎಷ್ಟು ಬಿಗಿ ಕಟ್ಟಿದರೂ ಗಾಳಿಗೆ ವಾಲುತ್ತದೆ. ಒಂದು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಒಂದೇ ಗಳ ಕಟ್ಟಿದರೆ ಅಲ್ಲಾಡದು. ಚೌಕ ಓರೆಯಾಗಬಲ್ಲದು, ತ್ರಿಕೋನ ಆಗಲಾರದು. ಕತ್ತರಿ ಜ್ಯಾಕ್ ಮೇಲಿನ ಭಾರವನ್ನು ಚೆನ್ನಾಗಿ ತಡೆಯುತ್ತದೆ, ಪಕ್ಕದ ತಳ್ಳನ್ನು ತಡೆಯಲು ಅದಕ್ಕೆ ಏನೂ ಇಲ್ಲ, ಇರುವುದೆಲ್ಲ ಸಡಿಲ ಕೀಲುಗಳು. ನಾಲ್ಕು ಮೂಲೆಗೂ ಉದ್ದಕ್ಕೆ ಒಂದೊಂದು, ಹಿಂದೆ ಮುಂದೆ ಅಡ್ಡಕ್ಕೆ ಒಂದೊಂದು, ಹೀಗೆ ಆರು ಪಟ್ಟಿ ಹಾಕಿದೆ. ನಾನೂ ಅಪ್ಪನೂ ಸೇರಿ ಕೂರಿಸಲು ಒಂದು ಶನಿವಾರ ಹಿಡಿಯಿತು. ಚಾಸಿಗೆ ತೂತು ಹೊಡೆಯುವ ಮುನ್ನ ಒಳಗೆ ತಂತಿ, ಗ್ಯಾಸ್ ಕೊಳವೆ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಕೆಲಸದುದ್ದಕ್ಕೂ ಟ್ರೈಲರ್ ತನ್ನ ಗಾಲಿಗಳ ಮೇಲೆ, ಅಡೆ ಕೊಟ್ಟ ಸ್ಥಿತಿಯಲ್ಲಿ ಇತ್ತು. ಈ ಜ್ಯಾಕ್‌ಗಳನ್ನು ನಂಬಿ ಗಾಲಿ ಎತ್ತಿಸಿ ಅಡಿಗೆ ನುಸುಳುವುದು ಪ್ರಾಣಕ್ಕೆ ಸಂಚಕಾರ, ಯಾರೂ ಮಾಡಬಾರದು.

ಅದೇ ಹೊತ್ತಿನಲ್ಲಿ ಆಕ್ಸಲ್ ಸರ್ವೀಸಿಗೆ ಕೊಟ್ಟಾಗ ಕಮಾನು ಪಟ್ಟಿಯ ಬೋಲ್ಟುಗಳಲ್ಲಿದ್ದ ಪ್ಲಾಸ್ಟಿಕ್ ಬುಷ್‌ಗಳು (ಬೋಲ್ಟಿನ ಸುತ್ತ ಕೂರುವ ಬಳೆಗಳು) ಸವೆದು ತೂತು ಮೊಟ್ಟೆಯಾಕಾರವಾಗಿದ್ದು ಕಂಡಿತು. ಗ್ರೀಸ್ ಹಾಕಬಹುದಾದ ಬೋಲ್ಟು ಮತ್ತು ಕಂಚಿನ ಬುಷ್ ಹಾಕಿಸಿದೆ. ನಿಂತಾಗಿನ ಅಲ್ಲಾಟಕ್ಕೆ ಇದರಿಂದ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ರಾತ್ರಿ ಕೇಳುತ್ತಿದ್ದ ಟಕ್ ಎಂಬ ಸದ್ದು ಹೋಯಿತು, ರಸ್ತೆಯ ಮೇಲಿನ ಸುರಕ್ಷೆಗೆ ಅದು ಹೇಗೂ ಆಗಬೇಕಾಗಿದ್ದ ಕೆಲಸ.

ಫಲ ಕೊಡದ ಒಂದನ್ನೂ ಹೇಳಬೇಕು. ಜ್ಯಾಕಿನ ಪಾದಕ್ಕೆ ದಪ್ಪ ರಬ್ಬರ್ ಚಾಪೆ ಇಟ್ಟರೆ ಕಂಪನ ಹೀರುತ್ತದೆ ಎಂದುಕೊಂಡೆ. ಕುಣಿತ ಹೆಚ್ಚಾಯಿತು. ಸ್ಪ್ರಿಂಗಿನ ಅಡಿಗೆ ಇನ್ನೊಂದು ಸ್ಪ್ರಿಂಗ್ ಇಟ್ಟಂತೆ. ಗಟ್ಟಿ ಮರವೇ ಸರಿ.

ಎರಡನೆಯ ಪ್ರಯಾಣ

ಮೂರು ವಾರ ಕಳೆದು ಮತ್ತೆ ಇಂಕ್ಸ್ ಲೇಕಿಗೇ ಹೋದೆವು. ಹೋಲಿಸಿ ನೋಡಲು ಅದೇ ಜಾಗ ಬೇಕೆನ್ನಿಸಿತು. ದಾರಿಯುದ್ದಕ್ಕೂ ಬ್ಲೂಬಾನೆಟ್ ಹೂ ಬಿಟ್ಟಿತ್ತು. ಟ್ರೈಲರ್ ನಿಲ್ಲಿಸಿ ಕಾಲೂರಿಸಲು ಮೊದಲಿಗಿಂತ ಇಪ್ಪತ್ತು ನಿಮಿಷ ಹೆಚ್ಚು ಹಿಡಿಯಿತು. ಅಪ್ಪ ಬಂಪರನ್ನು ಹೆಗಲು ಕೊಟ್ಟು ತಳ್ಳಿದರು. ಮೂತಿಯ ಜ್ಯಾಕಿನ ಕೊಳವೆಯನ್ನು ನೋಡುತ್ತ ಕೂತಿದ್ದ ನನಗೆ ಅದು ಬಾಗಿದ್ದು ಕಾಣಲಿಲ್ಲ. ಪಕ್ಕದ ತಳ್ಳಿಗೂ ಹಾಗೆಯೇ. ಒಳಗೆ ನಡೆದಾಗ ಫೋನಿನ ಗೆರೆಯಲ್ಲಿ ಸೆಕೆಂಡಿಗೆ ಎರಡರ ಆ ದೊಡ್ಡ ಏರಿಳಿತ ಇರಲಿಲ್ಲ, ಬದಲಿಗೆ ಹೆಜ್ಜೆ ಬಿದ್ದಾಗಲೆಲ್ಲ ಸಣ್ಣ, ಚುರುಕಾದ ಕಂಪನ ಎದ್ದು ತಟ್ಟನೆ ಅಡಗುತ್ತಿತ್ತು.

ಆ ಸಣ್ಣ ಕಂಪನ ಸ್ಪ್ರಿಂಗಿನದಲ್ಲ, ನೆಲಹಾಸಿನದು. ತೆಳುವಾದ ಹಲಗೆ ಎರಡು ತೊಲೆಗಳ ನಡುವೆ ಬಗ್ಗುತ್ತದೆ. ಹಗುರವಾಗಿರಲಿ ಎಂದೇ ಹಾಗೆ ಕಟ್ಟಿರುತ್ತಾರೆ. ಹೊರಗಿನ ಯಾವ ಜ್ಯಾಕಿನಿಂದಲೂ ಅದನ್ನು ತಡೆಯಲಾಗದು. ನಡುಭಾಗದ ತಗ್ಗಿಗೆ ಆಕ್ಸಲ್‌ನ ಹಿಂದೆ, ಚಾಸಿಯ ಕೆಳಗೆ ಎರಡು ಸ್ಟ್ಯಾಂಡ್ ಮುಟ್ಟಿಸಿ ನೋಡಿದೆ. ತುಸು ಅನುಕೂಲವಾಯಿತು. ಆದರೆ ದಿನಾ ಮಾಡುವಷ್ಟಲ್ಲ.

ಇನ್ನೊಂದು ಸಂಗತಿ ಎರಡನೆಯ ಬೆಳಗ್ಗೆ ತಿಳಿಯಿತು. ನಮ್ಮ ಜಾಗದಲ್ಲಿ ನಲ್ಲಿ ಇತ್ತು, ಕೊಳಚೆಯ ಕೊಳವೆ ಇರಲಿಲ್ಲ. ಐದು ಜನ ಮಿಂದು ಪಾತ್ರೆ ತೊಳೆದ ನೀರೆಲ್ಲ ಹಿಂಭಾಗದ ತೊಟ್ಟಿಯಲ್ಲಿ ತುಂಬಿಕೊಂಡಿತ್ತು. 40 ಗ್ಯಾಲನ್ ಎಂದರೆ 150 ಕಿಲೋ. ಇಬ್ಬರು ಆಳುಗಳು ರಾತ್ರೋರಾತ್ರಿ ಬಂದು ಬಾಲದಲ್ಲಿ ಕೂತ ಹಾಗೆ. ಹಿಂದಿನ ಜ್ಯಾಕ್‌ಗಳು ಒತ್ತಿಕೊಂಡು ಮುಂದಿನವು ಸಡಿಲವಾಗಿದ್ದವು. ಈಗ ಬೆಳಗಿನ ಕಾಫಿಗೆ ಮೊದಲು ನಾಲ್ಕೂ ಹಲಗೆಗಳನ್ನು ಕೈಯಿಂದ ಅಲ್ಲಾಡಿಸಿ ನೋಡಿ, ಓರೆಪಟ್ಟಿ ಸಡಿಲಿಸಿ, ಜ್ಯಾಕ್ ಕಾಲು ಸುತ್ತು ತಿರುಪಿ, ಮತ್ತೆ ಪಟ್ಟಿ ಬಿಗಿಯುತ್ತೇನೆ. ಪಟ್ಟಿ ಸಡಿಲಿಸದೆ ಜ್ಯಾಕ್ ತಿರುಪಿದರೆ ಪಟ್ಟಿಯೇ ಬಾಗುತ್ತದೆ.

ಆ ಬೆಳಗ್ಗೆ ನಾನು ಮುಂದಿನ ಎಡ ಮೂಲೆಯಲ್ಲಿ ಬಗ್ಗಿದ್ದಾಗ ಅಮ್ಮ ಕಾಫಿ ಲೋಟ ಹಿಡಿದು ಮೆಟ್ಟಿಲಿಳಿದು ಬಂದಳು. ಗೋಡೆ ಹಿಡಿದಿರಲಿಲ್ಲ.

"ರಾತ್ರಿ ಎದ್ದಿದ್ದೆಯಾ ಅಮ್ಮ?" ಎಂದು ಕೇಳಿದೆ.

"ಎರಡು ಸಲ ಎದ್ದೆ," ಎಂದಳು. "ನಿನಗೆ ಗೊತ್ತಾಗಲಿಲ್ಲವಾ?"